ಅಪ್ಪನಿಗೆ ಡಿಬಿಎಸ್ ಮಾಡಿಸಿದರೆ ಮರೆವು ಬಂದೀತೇ?

ಪ್ರಶ್ನೆ: ತಂದೆಗೆ 66 ವರ್ಷ. ಪಾರ್ಕಿನ್ಸನ್ಸ್ ಶುರುವಾಗಿ ಹತ್ತು ವರ್ಷವಾಯಿತು. ಮಾತ್ರೆ ನುಂಗಿದ ಮೇಲೆ ಎರಡು ಗಂಟೆ ಚೆನ್ನಾಗಿರುತ್ತಾರೆ, ಆಮೇಲೆ ಮೈ ಮರಗಟ್ಟುತ್ತದೆ. ಮಾತ್ರೆ ಹೆಚ್ಚಿಸಿದರೆ ಕೈಕಾಲು ತಾವಾಗಿಯೇ ಕುಣಿಯುತ್ತವೆ. ಡಾಕ್ಟರು ಡಿಬಿಎಸ್ (ಡೀಪ್ ಬ್ರೈನ್ ಸ್ಟಿಮ್ಯುಲೇಷನ್) ಮಾಡಿಸಬಹುದು ಎಂದಿದ್ದಾರೆ. ಆದರೆ ನಮ್ಮ ಪರಿಚಯದವರೊಬ್ಬರಿಗೆ ಈ ಆಪರೇಷನ್ ಆಗಿ ಐದಾರು ವರ್ಷಕ್ಕೆ ಮನೆಯವರ ಗುರುತೇ ಸಿಗದಂತಾಯಿತು. ಅಮ್ಮ ಬೇಡವೇ ಬೇಡ ಎಂದು ಅಳುತ್ತಾರೆ, ಅಣ್ಣ ಮಾಡಿಸಲೇಬೇಕು ಎನ್ನುತ್ತಾನೆ. ನನಗೆ ನಿದ್ದೆ ಬರುತ್ತಿಲ್ಲ.
– ಹೆಸರು ಬೇಡ, ಸಾಗರ

ಉತ್ತರ: ನಿಮ್ಮ ಭಯ ಸುಳ್ಳಲ್ಲ. ಆದರೆ ಅದರ ಕಾರಣವನ್ನು ಪೂರ್ತಿಯಾಗಿ ಆಪರೇಷನ್ ಮೇಲೆ ಹೊರಿಸುವಂತಿಲ್ಲ.

ಪಾರ್ಕಿನ್ಸನ್ಸ್ ಬರೀ ಕೈನಡುಕದ ಕಾಯಿಲೆಯಲ್ಲ. ವರ್ಷಗಳು ಕಳೆದಂತೆ ಅದು ನೆನಪು, ಯೋಚನೆ, ತೀರ್ಮಾನಗಳನ್ನೂ ಮುಟ್ಟುತ್ತದೆ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ರೋಗಿಗಳನ್ನು ಇಪ್ಪತ್ತು ವರ್ಷ ಗಮನಿಸಿದಾಗ, ಅಲ್ಲಿಯವರೆಗೆ ಬದುಕುಳಿದವರಲ್ಲಿ ನೂರಕ್ಕೆ 83 ಮಂದಿಗೆ ಡಿಮೆನ್ಷಿಯಾ (ಮರೆಗುಳಿ ಕಾಯಿಲೆ) ಇತ್ತು. ಇತ್ತೀಚಿನ ಅಧ್ಯಯನಗಳ ಅಂದಾಜು ಇಷ್ಟು ಕಠೋರವಾಗಿಲ್ಲ ಎಂಬುದು ಸಮಾಧಾನದ ಮಾತು.

ಇನ್ನು ಆಪರೇಷನ್. ಮೆದುಳಿನ ಆಳದಲ್ಲಿರುವ, ಅವರೆಕಾಳಿಗಿಂತ ದೊಡ್ಡದಲ್ಲದ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಎಂಬ ಭಾಗಕ್ಕೆ ತಂತಿ ಇಳಿಸಿ, ಕೊರಳೆಲುಬಿನ (ಕಾಲರ್ ಬೋನ್) ಕೆಳಗೆ ಚರ್ಮದೊಳಗಿಟ್ಟ ಬ್ಯಾಟರಿಯಿಂದ ಸಣ್ಣ ವಿದ್ಯುತ್ ಹರಿಸುತ್ತಾರೆ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಬೆನಬಿದ್ ಅವರ ತಂಡ 1993ರಲ್ಲಿ ಈ ಜಾಗದ ಚಿಕಿತ್ಸೆ ಆರಂಭಿಸಿತು. ಅದೇ ಊರಿನ ವೈದ್ಯರು ಆಪರೇಷನ್ ಆದ 175 ಮಂದಿಯ ಲೆಕ್ಕವನ್ನು 2020ರಲ್ಲಿ ಪ್ರಕಟಿಸಿದರು. ಡಿಮೆನ್ಷಿಯಾ ಬಂದವರು ಒಂದು ವರ್ಷದ ಹೊತ್ತಿಗೆ ನೂರಕ್ಕೆ ಸುಮಾರು 2, ಐದು ವರ್ಷಕ್ಕೆ 8ರಿಂದ 9, ಹತ್ತು ವರ್ಷಕ್ಕೆ 30. ಒಟ್ಟಾರೆ ಪಾರ್ಕಿನ್ಸನ್ಸ್ ರೋಗಿಗಳಲ್ಲಿ ಕಂಡುಬಂದಿರುವುದಕ್ಕಿಂತ ಇದು ಹೆಚ್ಚಲ್ಲ ಎಂಬುದು ಅವರ ನಿರ್ಣಯ. ಒಂದು ವಿಷಯ ನೆನಪಿಡಿ: ಆಪರೇಷನ್ನಿಗೆ ಮೊದಲೇ ನೆನಪಿನ ಶಕ್ತಿ ಚೆನ್ನಾಗಿದ್ದವರನ್ನು ಆರಿಸಿರುತ್ತಾರೆ. ಹಾಗಾಗಿ ಎರಡು ಗುಂಪನ್ನು ಸರಿಸಮ ತೂಗುವುದು ಕಷ್ಟ.

ಅಪಾಯ ಎಲ್ಲರಿಗೂ ಒಂದೇ ಅಲ್ಲ. ವಯಸ್ಸಾದವರು, ಗಂಡಸರು, ಇಲ್ಲದ್ದು ಕಣ್ಣಿಗೆ ಕಾಣುವವರು, ಯೋಜನೆ ಹಾಕಿ ಕೆಲಸ ಮಾಡುವ ಶಕ್ತಿ ಮೊದಲೇ ಕುಗ್ಗಿದವರು, ಆಪರೇಷನ್ ವೇಳೆ ಮೆದುಳಿನಲ್ಲಿ ರಕ್ತಸ್ರಾವ ಆದವರು – ಇವರಲ್ಲೇ ಮರೆವು ಹೆಚ್ಚಾಗಿ ಕಂಡಿದ್ದು. ಅದಕ್ಕೇ ಆಪರೇಷನ್ನಿಗೆ ಮುಂಚೆ ನರ-ಮನೋವೈಜ್ಞಾನಿಕ ಪರೀಕ್ಷೆ ಮಾಡಿಸದೆ ಹೆಜ್ಜೆ ಇಡಬೇಡಿ. ಅಪ್ಪನಿಗೆ ಸಂಜೆ ಹೊತ್ತು ಬಾಗಿಲ ಬಳಿ ಯಾರೋ ನಿಂತಂತೆ ಕಾಣುತ್ತದೆಯೇ? ಅಂಗಡಿ ಚಿಲ್ಲರೆ ಎಣಿಸುವಾಗ ತಡವರಿಸುತ್ತಾರೆಯೇ? ಮರ್ಯಾದೆಗೆ ಅಂಜಿ ಮುಚ್ಚಿಡದೆ ವೈದ್ಯರಿಗೆ ಹೇಳಿ. ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಮಾತ್ರೆಯೂ ಮರೆವು ತರಬಲ್ಲದು. ಪಟ್ಟಿಯಲ್ಲಿ ಅದಿದ್ದರೆ ಕೇಳಿ, ನೀವೇ ನಿಲ್ಲಿಸಬೇಡಿ.

ಡಿಬಿಎಸ್‌ನಿಂದಲೇ ಆಗುವ ಒಂದು ನಷ್ಟವನ್ನೂ ಹೇಳಲೇಬೇಕು. ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳುತ್ತೀರಿ ಎಂದು ಪರೀಕ್ಷೆಯಲ್ಲಿ ಕೇಳುತ್ತಾರೆ. ಮೊದಲು ಹಸು, ಎಮ್ಮೆ, ನಾಯಿ ಎಂದು ಹದಿನೈದು ಹೇಳುತ್ತಿದ್ದವರು ಆಮೇಲೆ ಹತ್ತಕ್ಕೇ ನಿಲ್ಲಬಹುದು. ಪದ ಗೊತ್ತು, ಬಾಯಿಗೆ ಬರುವುದು ತಡ. ಕುಟುಂಬದವರು ಇದನ್ನೇ ಡಿಮೆನ್ಷಿಯಾ ಎಂದು ಹೆದರುತ್ತಾರೆ. ಎರಡೂ ಒಂದಲ್ಲ.

ಮಾತ್ರೆಗೆ ಬಗ್ಗುವ ಬಿಗಿತ, ನಡುಕಗಳಿಗೂ ಮಾತ್ರೆಯಿಂದ ಬರುವ ಕುಣಿತಕ್ಕೂ ಡಿಬಿಎಸ್ ಒಳ್ಳೆಯ ಮದ್ದು. ನೆನಪಿಗೆ ಅದು ಮದ್ದಲ್ಲ. ಪರೀಕ್ಷೆಯಲ್ಲಿ ನೆನಪಿನ ಶಕ್ತಿ ಚೆನ್ನಾಗಿದೆ ಎಂದು ಬಂದರೆ, ಡಿಮೆನ್ಷಿಯಾದ ಭಯವೊಂದಕ್ಕೇ ಈ ಚಿಕಿತ್ಸೆ ಬಿಡಬೇಡಿ ಎಂದೇ ನನ್ನ ಸಲಹೆ. ಪರೀಕ್ಷೆಯಲ್ಲಿ ಗಣನೀಯ ಕುಂದು ಕಂಡರೆ ಅಮ್ಮನ ಮಾತೇ ಸರಿ.

ನಿಮ್ಮ ಪತ್ರದಲ್ಲಿ ಅಮ್ಮನ ಅಳು ಇದೆ, ಅಣ್ಣನ ಹಟ ಇದೆ, ಅಪ್ಪನ ಮಾತು ಮಾತ್ರ ಇಲ್ಲ. ದಯವಿಟ್ಟು ಅವರನ್ನು ಕೇಳಿ. ಮಾತ್ರೆ ಹಿಡಿದಿರುವ ಹೊತ್ತು ನೋಡಿ ಪಕ್ಕದಲ್ಲಿ ಕೂತುಕೊಳ್ಳಿ. ಕೇಳಿದ ಮೇಲೆ ಕಾಯಿರಿ, ಅವರ ಪರವಾಗಿ ನೀವು ಮಾತು ಮುಗಿಸಬೇಡಿ. ಈ ಕಾಯಿಲೆಯಲ್ಲಿ ಉತ್ತರ ತಡವಾಗಿ ಬರುತ್ತದೆ.