ಹಳೆಯ ಮರಿಗೆ, ಕಡಗೋಲುಗಳ ಕೆತ್ತನೆಯನ್ನು ಕಾಪಾಡುವ ಬಗೆ

ಅಟ್ಟದಿಂದ ಇಳಿಸಿದ ಹಲಸಿನ ಮರದ ಉಪ್ಪಿನ ಮರಿಗೆಯನ್ನು ಕಂಡೊಡನೆ ಅದನ್ನು ತೊಳೆದು ಬೆಳಗಬೇಕೆಂಬ ಉತ್ಸಾಹವು ಉದಿಸುವುದು ಸಹಜವಾದರೂ, ಅದನ್ನು ಒಂದು ದಿನದ ಮಟ್ಟಿಗೆ ತಡೆದು, ಕಿಟಕಿಯ ಓರೆ ಬೆಳಕಿನಲ್ಲಿ ವಸ್ತುವನ್ನು ತಿರುತಿರುಗಿಸಿ ನೋಡುವುದೇ ಮೊದಲ ಕೆಲಸ. ಅಂಚಿನ ಪದ್ಮದ ಎಸಳುಗಳು ಒಂದು ಪಾರ್ಶ್ವದಲ್ಲಿ ಮಾತ್ರ ಸವೆದು ನುಣುಪಾಗಿದ್ದರೆ ಅದು ಬಡಗಿಯ ದೋಷವಲ್ಲ, ಉಪ್ಪು ತೆಗೆಯುವ ಕೈ ನಿತ್ಯವೂ ಅಲ್ಲಿಯೇ ತಾಗಿದುದರ ಗುರುತು. ಕಡಗೋಲಿನ ಮೈಯಲ್ಲಿಯೂ ಹಾಗೆಯೇ, ಬಳೆಬಳೆಯಾಗಿ ಕಡೆದ ಅಲಂಕಾರದ ನಡುವೆ ಮಜ್ಜಿಗೆ ಕಡೆಯುವ ಹಗ್ಗವು ಕೊರೆದ ಗೆರೆಗಳಿರುತ್ತವೆ. ಇವನ್ನೆಲ್ಲ ಒಂದೇ ಸಮನೆ ಅಳಿಸಿಬಿಡುವ ಉಪ್ಪುಕಾಗದವನ್ನು ಮುಟ್ಟಲೇಬಾರದು. ವಸ್ತುವಿನ ಹೆಸರು, ಉಪಯೋಗ ತಿಳಿಯದಿದ್ದರೆ ರಾಮನಗರದ ಬಳಿಯ ಜಾನಪದ ಲೋಕಕ್ಕೆ ಹೋಗಿ, ಅಲ್ಲಿರುವ ಗೃಹೋಪಯೋಗಿ ವಸ್ತುಗಳೊಡನೆ ಹೋಲಿಸಿ ನೋಡಬಹುದು.

ಅನಂತರ ಕುಟ್ಟೆಯ ಪರೀಕ್ಷೆ. ಕಪ್ಪು ಬಟ್ಟೆಯ ಮೇಲೆ ಮರಿಗೆಯನ್ನು ಮೆಲ್ಲಗೆ ತಟ್ಟಿ ಒಂದೆರಡು ದಿನ ಅಲ್ಲಿಯೇ ಬಿಟ್ಟಾಗ, ರಂಧ್ರಗಳ ಕೆಳಗೆ ತಿಳಿ ಬಣ್ಣದ ಹೊಸ ಹಿಟ್ಟು ಮತ್ತೆ ಬಿದ್ದಿದ್ದರೆ ಒಳಗೆ ಹುಳು ಜೀವಂತವಾಗಿದೆಯೆಂದು ತಿಳಿಯಬೇಕು. ಅಂತಹ ಚಿಕ್ಕ ವಸ್ತುವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಬಿಗಿದು, ಸೊನ್ನೆಗಿಂತ 18 ಡಿಗ್ರಿ ಸೆಲ್ಸಿಯಸ್ ಕೆಳಗಿನ ಫ್ರೀಜರಿನಲ್ಲಿ 2 ವಾರ ಇಟ್ಟು, ಹೊರತೆಗೆದ ಮೇಲೆ ಕೋಣೆಯ ಉಷ್ಣತೆಗೆ ಬರುವವರೆಗೂ ಚೀಲವನ್ನು ಬಿಚ್ಚದಿದ್ದರೆ, ನೀರಿನ ಹನಿಗಳು ಮರದ ಮೇಲೆ ಕೂರದೆ ಚೀಲದ ಹೊರಮೈಯಲ್ಲಿಯೇ ಉಳಿಯುತ್ತವೆ.

ಉಪ್ಪಿನ ಮರಿಗೆಗೆ ವಿಶೇಷವಾದ ಎಚ್ಚರ ಬೇಕು. ಮರದೊಳಗೆ ಇಂಗಿದ ಉಪ್ಪು ಮಳೆಗಾಲದಲ್ಲಿ ನೀರನ್ನು ಹೀರಿ ಬೆವರುತ್ತದೆ. ಬೇಸಗೆಯಲ್ಲಿ ಬಿಳಿಯ ಹರಳಾಗಿ ಹೊಮ್ಮುವಾಗ ಮರದ ನಾರನ್ನೇ ಸೀಳುತ್ತದೆ. ಆ ಹರಳನ್ನು ಒಣಗಿದ ಮೃದುವಾದ ಬ್ರಷ್ಷಿನಿಂದ ನಾರಿನ ದಿಕ್ಕಿನಲ್ಲಿಯೇ ಗುಡಿಸಿ, ಕೆತ್ತನೆಯ ಸಂದಿನ ಜಿಡ್ಡನ್ನು ಬಟ್ಟೆ ಸುತ್ತಿದ ಬಿದಿರಿನ ಕಡ್ಡಿಯಿಂದ ಬಿಡಿಸಬೇಕೇ ಹೊರತು ಸೂಜಿ, ಚಾಕುಗಳಿಂದಲ್ಲ. ನಮ್ಮ ಮನೆಯ ಮರಿಗೆಯೊಂದನ್ನು ನಾನು ಹಿಂದೊಮ್ಮೆ ಸೀಗೆಪುಡಿಯಿಂದ ತಿಕ್ಕಿ ತೊಳೆದು ಅಂಗಳದ ಬಿಸಿಲಿಗಿಟ್ಟೆ. ಮಧ್ಯಾಹ್ನದೊಳಗಾಗಿ ಬಳ್ಳಿಯ ಕೆತ್ತನೆಯ ನಡುವೆ ಬೆರಳಗಲದ ಸೀಳು ತೆರೆದಿತ್ತು. ಆ ಸೀಳನ್ನು ಕಂಡಾಗಲೆಲ್ಲ ಇಂದಿಗೂ ಮನಸ್ಸು ನೋಯುತ್ತದೆ. ಒದ್ದೆ ಮಾಡಲೇಬೇಕಾದರೆ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒಮ್ಮೆ ಒರೆಸಿ, ನೆರಳಿನಲ್ಲಿ ಆರಲು ಬಿಡಿ.

ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆಗಳನ್ನು ಹಚ್ಚುವವರು ಬಹಳ. ಇವು ಒಣಗದೆ ಅಂಟಾಗಿ ಧೂಳನ್ನು ಹಿಡಿಯುತ್ತವೆ. ಅಗಸೆಯೆಣ್ಣೆ ಒಣಗುವುದಾದರೂ ಮರವನ್ನು ಕಪ್ಪಾಗಿಸುತ್ತದೆ. ಪೂರ್ಣವಾಗಿ ಒಣಗಿದ, ಬಣ್ಣ ಬಳಿಯದ ಮರಕ್ಕೆ ಜೇನುಮೇಣವನ್ನು ಅತಿ ತೆಳುವಾಗಿ ಸವರಿ ಹತ್ತಿಬಟ್ಟೆಯಿಂದ ಉಜ್ಜಿದರೆ ಸಾಕು. ಚನ್ನಪಟ್ಟಣದ ಮಾದರಿಯಲ್ಲಿ ಅರಗಿನ ಬಣ್ಣ ಹಿಡಿಸಿದ ಕುಂಕುಮದ ಭರಣಿಯಾದರೆ ಮೇಣವೂ ಬೇಡ. ಸ್ಪಿರಿಟ್ ಅರಗನ್ನು ಕರಗಿಸುವುದರಿಂದ ಅದನ್ನಂತೂ ಹತ್ತಿರಕ್ಕೂ ತರಬಾರದು.

ಕೊನೆಗೆ, ಇದು ಯಾರ ತವರಿನಿಂದ ಬಂದುದು, ಯಾವ ಮರದ್ದು, ಎಷ್ಟು ಸೇರು ಹಿಡಿಯುತ್ತದೆ ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಬರೆದ ಚೀಟಿಯೊಂದನ್ನು ನೂಲಿನಿಂದ ಅದರ ಹಿಡಿಗೆ ಕಟ್ಟಿ, ಒಲೆಯ ಹೊಗೆಯೂ ಗೋಡೆಯ ತೇವವೂ ತಾಗದ ಕಡೆ ಇರಿಸಿ, ಪ್ರತಿ ಮಳೆಗಾಲ ಕಳೆದ ಮೇಲೆ ಕಪ್ಪು ಬಟ್ಟೆಯ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿರಿ.