ವಜಾ ಮಾಡುವ ಮುನ್ನ: ಆಂತರಿಕ ವಿಚಾರಣೆಯ ನ್ಯಾಯಮಾರ್ಗ

ಗೋದಾಮಿನಲ್ಲಿ ಸರಕು ಕಡಿಮೆಯಾಗುತ್ತದೆ. ಅನುಮಾನ ಒಬ್ಬ ನೌಕರನ ಮೇಲೆ ಬೀಳುತ್ತದೆ. "ನಾಳೆಯಿಂದ ಬರಬೇಡ" ಎಂಬ ಒಂದೇ ಮಾತಿನಿಂದ ವಿಷಯ ಮುಗಿಯಿತೆಂದು ಮಾಲೀಕರು ಭಾವಿಸುವುದುಂಟು. ವಾಸ್ತವವಾಗಿ ವಿವಾದ ಆರಂಭವಾಗುವುದೇ ಅಲ್ಲಿಂದ. ನೌಕರನು ಸಂಬಳವನ್ನಷ್ಟೇ ಅಲ್ಲ, ಊರಿನಲ್ಲಿ ಬೇರೆ ಕೆಲಸ ಕೊಡಿಸಬಲ್ಲ ಒಳ್ಳೆಯ ಹೆಸರನ್ನೂ ಕಳೆದುಕೊಳ್ಳುತ್ತಾನೆ. ಮಾಲೀಕರು ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆಯಬೇಕಾಗುತ್ತದೆ.

ಕೋಲಾರ ಚಿನ್ನದ ಗಣಿ ಪ್ರದೇಶದ ಸರ್ಕಾರಿ ಉದ್ಯಮವಾಗಿದ್ದ ಭಾರತ್ ಗೋಲ್ಡ್ ಮೈನ್ಸ್‌ನ ಪ್ರಕರಣವೊಂದು ಈ ದೃಷ್ಟಿಯಿಂದ ಬೋಧಪ್ರದವಾಗಿದೆ. 1985ರಲ್ಲಿ ಅಲ್ಲಿನ ಭದ್ರತಾ ಅಧಿಕಾರಿಯೊಬ್ಬರ ಮನೆಯ ಶೋಧದಲ್ಲಿ ಚಿನ್ನ ದೊರೆಯಿತೆಂದು ಆರೋಪಿಸಿ ಅವರನ್ನು ಅಮಾನತುಗೊಳಿಸಲಾಯಿತು. ಜೀವನಾಧಾರ ಭತ್ಯೆ ಪಾವತಿಯಾಗಲಿಲ್ಲ. ಕೇರಳದಲ್ಲಿದ್ದ ಅವರಿಗೆ ವಿಚಾರಣೆಗೆ ಬರಲು ಪ್ರಯಾಣದ ಹಣವೂ ಇರಲಿಲ್ಲ. ವಿಚಾರಣೆ ಏಕಪಕ್ಷೀಯವಾಗಿ ನಡೆದು, 1986ರಲ್ಲಿ ಅವರು ವಜಾಗೊಂಡರು. ಮರುವರ್ಷ ಕ್ರಿಮಿನಲ್ ನ್ಯಾಯಾಲಯ ಅದೇ ಆರೋಪದಿಂದ ಅವರನ್ನು ಬಿಡುಗಡೆ ಮಾಡಿತು. ಅಂತಿಮವಾಗಿ 1999ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅವರನ್ನು ಮರಳಿ ಕೆಲಸಕ್ಕೆ ಸೇರಿಸಿಕೊಂಡು, ಅಮಾನತಿನ ದಿನದಿಂದ ಎಲ್ಲ ಬಾಕಿ ವೇತನವನ್ನು ನೀಡುವಂತೆ ಆದೇಶಿಸಿತು.

ನೋಟೀಸು, ವಿಚಾರಣೆ, ವರದಿ ಎಲ್ಲವೂ ಕಡತದಲ್ಲಿದ್ದವು. ಆದರೆ ಆರೋಪಿತ ನೌಕರನಿಗೆ ಬಂದು ಮಾತನಾಡುವ ಶಕ್ತಿಯೇ ಉಳಿದಿರಲಿಲ್ಲ. ಕಾಗದದ ಮೇಲಿನ ಅವಕಾಶ ಅವಕಾಶವಲ್ಲ ಎಂಬುದೇ ಈ ತೀರ್ಪಿನ ಮುಖ್ಯ ಪಾಠ.

ಹಾಗಾದರೆ ನ್ಯಾಯಯುತ ವಿಚಾರಣೆ ಎಂದರೇನು? ಸುರ್ ಎನಾಮೆಲ್ ಪ್ರಕರಣದಲ್ಲಿ 1963ರಲ್ಲಿ ಸರ್ವೋಚ್ಚ ನ್ಯಾಯಾಲಯ ಐದು ಅಂಶಗಳನ್ನು ಹೇಳಿದೆ:

1. ಆರೋಪವನ್ನು ನೌಕರನಿಗೆ ಸ್ಪಷ್ಟವಾಗಿ ತಿಳಿಸಬೇಕು.
2. ಸಾಮಾನ್ಯವಾಗಿ ಸಾಕ್ಷಿಗಳ ಹೇಳಿಕೆಯನ್ನು ಅವನ ಸಮಕ್ಷಮದಲ್ಲಿಯೇ ಪಡೆಯಬೇಕು.
3. ಅವರನ್ನು ಪಾಟೀಸವಾಲು ಮಾಡಲು ಅವನಿಗೆ ಅವಕಾಶವಿರಬೇಕು.
4. ತನ್ನ ಹೇಳಿಕೆಯನ್ನೂ ತನ್ನ ಪರ ಸಾಕ್ಷಿಗಳನ್ನೂ ಮುಂದಿಡಲು ಅವನಿಗೆ ಅವಕಾಶವಿರಬೇಕು.
5. ವಿಚಾರಣಾಧಿಕಾರಿ ಕಾರಣಸಹಿತವಾದ ನಿರ್ಣಯವನ್ನು ವರದಿಯಲ್ಲಿ ದಾಖಲಿಸಬೇಕು.

ಸಣ್ಣ ಘಟಕಗಳಲ್ಲಿ ದೂರುದಾರರೂ, ಸಾಕ್ಷಿಯೂ, ತೀರ್ಪುಗಾರರೂ ಮಾಲೀಕರೊಬ್ಬರೇ ಆಗುವ ಅಪಾಯವಿದೆ. ಅಂತಹ ಸಂದರ್ಭದಲ್ಲಿ ಘಟನೆಗೆ ಸಂಬಂಧಿಸದ ನಿವೃತ್ತ ಅಧಿಕಾರಿಯನ್ನೋ ವಕೀಲರನ್ನೋ ವಿಚಾರಣಾಧಿಕಾರಿಯಾಗಿ ನೇಮಿಸುವುದು ಲೇಸು. ಆರೋಪ ಪಟ್ಟಿ ನೌಕರನು ಓದಬಲ್ಲ ಭಾಷೆಯಲ್ಲಿರಲಿ. "ಅಪ್ರಾಮಾಣಿಕತೆ" ಎಂದಷ್ಟೇ ಬರೆಯದೆ, ಯಾವ ದಿನ, ಯಾವ ಸರಕು, ಎಷ್ಟು ಪ್ರಮಾಣ ಎಂಬುದನ್ನು ನಮೂದಿಸಬೇಕು.

2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ, ಅಮಾನತಿನ ದಿನದಿಂದ ಸಾಮಾನ್ಯವಾಗಿ 90 ದಿನಗಳೊಳಗೆ ವಿಚಾರಣೆ ಮುಗಿಯಬೇಕು. ಸ್ಥಾಯೀ ಆದೇಶಗಳಲ್ಲಿ ಮೊದಲ 90 ದಿನಗಳಿಗೆ ವೇತನದ ಶೇ. 50ರಷ್ಟು, ವಿಳಂಬ ನೌಕರನಿಂದಾಗದಿದ್ದರೆ ಆನಂತರ ಶೇ. 75ರಷ್ಟು ಜೀವನಾಧಾರ ಭತ್ಯೆಗೆ ಅವಕಾಶವಿರಬೇಕು. ಸ್ಥಾಯೀ ಆದೇಶಗಳ ಅಧ್ಯಾಯ 300 ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ಸಣ್ಣ ಘಟಕಗಳು ತಮಗೆ ಅನ್ವಯಿಸುವ ರಾಜ್ಯದ ನಿಯಮಗಳನ್ನು ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸಿಕೊಳ್ಳುವುದು ಒಳಿತು. ವಜಾ ಆದರೂ ಬಾಕಿ ವೇತನವನ್ನು ಎರಡು ಕೆಲಸದ ದಿನಗಳಲ್ಲಿ ಪಾವತಿಸಬೇಕೆಂದು ವೇತನ ಸಂಹಿತೆ ವಿಧಿಸುತ್ತದೆ.

ಆರೋಪ ಸಾಬೀತಾದರೂ ಶಿಕ್ಷೆ ತಪ್ಪಿಗೆ ತಕ್ಕಷ್ಟೇ ಇರಬೇಕು. ದೀರ್ಘಕಾಲ ನಿಷ್ಕಳಂಕವಾಗಿ ದುಡಿದವನ ಮೊದಲ ಸಣ್ಣ ತಪ್ಪಿಗೆ ಎಚ್ಚರಿಕೆ ಸಾಕಾಗಬಹುದು. ಅತಿಯಾದ ಶಿಕ್ಷೆಯನ್ನು ತಗ್ಗಿಸುವ ಅಧಿಕಾರ 1971ರ ತಿದ್ದುಪಡಿಯಿಂದ ಕಾರ್ಮಿಕ ನ್ಯಾಯಾಲಯಗಳಿಗೆ ದೊರೆತಿತ್ತು. ಹೊಸ ಸಂಹಿತೆಯಲ್ಲಿ ಅದು ನ್ಯಾಯಮಂಡಲಿಗಳಿಗಿದೆ.

ವಿಚಾರಣೆಯನ್ನು ಗಮನಿಸುವವನು ಆರೋಪಿತ ನೌಕರನೊಬ್ಬನೇ ಅಲ್ಲ. ನಾಳೆ ತಮಗೂ ಇದೇ ಸ್ಥಿತಿ ಬಂದರೆ ಮಾಲೀಕರು ತಮ್ಮ ಮಾತನ್ನು ಕೇಳುವರೇ ಎಂದು ಉಳಿದವರೆಲ್ಲರೂ ನೋಡುತ್ತಿರುತ್ತಾರೆ. ಕೇಳುವರೆಂಬ ನಂಬಿಕೆಯಿರುವ ಕಡೆ ಪ್ರಾಮಾಣಿಕ ಕೆಲಸಗಾರ ಉಳಿಯುತ್ತಾನೆ.