ಎತ್ತುವ ಮುಂಚೆ ಒಂದು ಮಾತು ಕೇಳು

ತಂಗೀ, ನಿನ್ನ ಮಗನಿಗೆ ಹದಿನೈದು ತುಂಬಿತು. ಡುಶೆನ್ ಕಾಯಿಲೆ ಅಂದರೇನು ಅಂತ ನಿನಗೆ ನಾನು ಹೇಳಿಕೊಡಬೇಕಾದ್ದಿಲ್ಲ. ಸ್ನಾಯುಗಳನ್ನು ಕಾಯುವ ಡಿಸ್ಟ್ರೋಫಿನ್ ಅನ್ನುವ ಪ್ರೋಟೀನು ಮೈಯಲ್ಲಿ ತಯಾರಾಗುವುದಿಲ್ಲ. ಮೊದಲು ಕಾಲು, ಆಮೇಲೆ ತೋಳು, ಕೊನೆಗೆ ಉಸಿರು ಮತ್ತು ಹೃದಯದ ಸ್ನಾಯು ಸೋಲುತ್ತ ಬರುತ್ತವೆ. ಇದನ್ನೆಲ್ಲ ನಿಮ್ಹಾನ್ಸ್‌ನಲ್ಲಿ ಕೇಳಿಸಿಕೊಂಡು ಬಂದಿದ್ದೀಯ. ನನ್ನ ಮಗನಿಗೂ ಇದೇ ಕಾಯಿಲೆ. ಅವನೀಗ ಇಪ್ಪತ್ತಾರರ ಗಂಡಸು. ಆ ಸಲುಗೆಯಿಂದ ಒಂದೇ ಮಾತು ಹೇಳಬೇಕು ಅನಿಸಿದೆ: ನಿನ್ನ ಮಗನ ಮೈಭಾರ ನಿನ್ನ ಕೈಗೆ ಎಷ್ಟು ಬರುತ್ತದೋ, ಅವನ ಬದುಕಿನ ತೀರ್ಮಾನ ಅಷ್ಟಷ್ಟೂ ಅವನ ಕೈಗೆ ಹೋಗಬೇಕು.

ಕೇಳೋಕೆ ಸುಲಭ, ನಡೆಸೋದು ಕಷ್ಟ. ಯಾಕಂದರೆ ನಮ್ಮ ಮಕ್ಕಳು ನೋಡೋಕೆ ದೊಡ್ಡವರಾಗುವುದೇ ಇಲ್ಲ. ಸ್ಟೀರಾಯ್ಡ್ ಗುಳಿಗೆ ಕಾಲನ್ನು ಒಂದಷ್ಟು ವರ್ಷ ಹೆಚ್ಚಿಗೆ ನಿಲ್ಲಿಸುತ್ತದೆ, ನಿಜ. ಅದೇ ಗುಳಿಗೆ ಎತ್ತರವನ್ನು ತಡೆಯುತ್ತದೆ, ಮುಖ ಊದಿಸುತ್ತದೆ, ಹರೆಯವನ್ನು ಮುಂದಕ್ಕೆ ದೂಡುತ್ತದೆ. ಹದಿನೈದರ ಹುಡುಗ ಹತ್ತರವನ ಹಾಗೆ ಕಾಣುತ್ತಾನೆ. ಮದುವೆ ಮನೆಯಲ್ಲಿ ನೆಂಟರು ಕೆನ್ನೆ ಹಿಂಡಿ "ಪುಟ್ಟಾ, ಊಟ ಆಯ್ತಾ" ಅಂತಾರೆ. ಒಳಗೆ ಕೂತಿರುವ ಹುಡುಗನಿಗೆ ಹತ್ತನೇ ಕ್ಲಾಸಿನ ಪ್ರೀತಿ, ಸಿಟ್ಟು, ನಾಚಿಕೆ ಎಲ್ಲವೂ ಇದೆ. ಮೀಸೆ ಚಿಗುರದ ಸಂಕಟ ಅವನು ನಿನ್ನ ಹತ್ತಿರ ಬಾಯಿಬಿಟ್ಟು ಹೇಳುವುದಿಲ್ಲ. ಹಾರ್ಮೋನ್ ತಜ್ಞರನ್ನು ನೋಡಿಸು, ಅದಕ್ಕೆ ಚಿಕಿತ್ಸೆ ಉಂಟು.

ಇವತ್ತಿನಿಂದಲೇ ಶುರುಮಾಡಬಹುದಾದ್ದು ಒಂದಿದೆ. ಎತ್ತುವ ಮುಂಚೆ "ಎತ್ತಲಾ?" ಅಂತ ಕೇಳು. ಗಾಲಿಕುರ್ಚಿಯನ್ನು ಹಿಂದಿನಿಂದ ಬಂದು ಸುಮ್ಮನೆ ತಳ್ಳಬೇಡ. ಯಾವ ಕಡೆಗೆ ಅಂತ ಅವನು ಹೇಳಲಿ. ಸ್ನಾನ ಮಾಡಿಸುವುದು ಇನ್ನು ಅಪ್ಪನ ಕೆಲಸ. ನಿಮ್ಮನೆಯವರ ಶಿಫ್ಟ್ ಹೊಂದುವುದಿಲ್ಲ ಅಂದರೆ ಒಬ್ಬ ಗಂಡಾಳನ್ನು ಗೊತ್ತುಮಾಡಿಕೊಳ್ಳಿ, ಆ ಖರ್ಚಿಗೆ ಹಿಂದೆಮುಂದೆ ನೋಡಬೇಡಿ. ಹೆತ್ತವಳ ಮುಂದೆ ಎಂಥ ನಾಚಿಕೆ ಅಂತ ನಿನ್ನ ಅತ್ತೆ ಅನ್ನಬಹುದು. ಇರುತ್ತದೆ ಕಣಮ್ಮ. ಇರಲೇಬೇಕು.

ಡಾಕ್ಟರ ಮುಂದೆ ಕೂತಾಗ ಅವರು ನಿನ್ನ ಮುಖ ನೋಡಿ "ರಾತ್ರಿ ನಿದ್ದೆ ಹೇಗೆ ಮಾಡ್ತಾನೆ?" ಅಂದರೆ ನೀನು ಸುಮ್ಮನಿರು, ಅವನು ಹೇಳಲಿ. ಅವನ ಮೈಯೊಳಗಿನದು ಅವನಿಗೇ ಮೊದಲು ಗೊತ್ತಾಗುವುದು. ಬೆಳಿಗ್ಗೆ ಎದ್ದಾಗ ತಲೆನೋವು, ಕೆಟ್ಟ ಕನಸು, ಕ್ಲಾಸಿನಲ್ಲಿ ತೂಕಡಿಕೆ ಇವು ಸೋಮಾರಿತನವಲ್ಲ. ರಾತ್ರಿ ಉಸಿರು ಸಾಲದೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಉಳಿಯುತ್ತಿರುವುದರ ಸೂಚನೆ ಇರಬಹುದು. ಆ ಹೊತ್ತಿಗೆ ಉಸಿರಿಗೆ ನೆರವಾಗುವ ಬೈಪ್ಯಾಪ್ ಯಂತ್ರ ಬೇಕಾಗುತ್ತದೆ. ಹಿಂದೆಲ್ಲ ಈ ಮಕ್ಕಳು ಇಪ್ಪತ್ತರ ಆಸುಪಾಸಿನಲ್ಲೇ ಹೋಗಿಬಿಡುತ್ತಿದ್ದರು. ಈಗ ಮೂವತ್ತು ದಾಟಿದವರೂ ಇದ್ದಾರೆ ಅಂದರೆ ಆ ಯಂತ್ರ ಮತ್ತು ಹೃದಯಕ್ಕೆ ಮೊದಲೇ ಶುರುಮಾಡುವ ಮಾತ್ರೆಗಳ ಪಾಲು ದೊಡ್ಡದು. ಮನೆಗೆ ಯುಪಿಎಸ್ ಹಾಕಿಸಿಕೊಳ್ಳಿ, ನಮ್ಮ ಹೂಡಿ ಬಡಾವಣೆಯ ಕರೆಂಟನ್ನು ನಂಬಿ ಆ ಯಂತ್ರ ಓಡಿಸಬೇಡಿ.

ಈ ವಯಸ್ಸಿನಲ್ಲಿ ಗುಳಿಗೆ ನುಂಗಲ್ಲ ಅಂತ ಹಟ ಬರುತ್ತದೆ. ಗದರಿಸಿ ನುಂಗಿಸುವುದಕ್ಕಿಂತ ಕಾರಣ ತಿಳಿಸು: ವರ್ಷಗಟ್ಟಲೆ ತೆಗೆದುಕೊಂಡ ಸ್ಟೀರಾಯ್ಡನ್ನು ಒಮ್ಮೆಲೇ ಬಿಟ್ಟರೆ ಜೀವಕ್ಕೇ ಅಪಾಯ, ಬೇಡವೆನಿಸಿದರೆ ಡಾಕ್ಟರ ಹತ್ತಿರ ಅವನೇ ವಾದ ಮಾಡಲಿ. ಒಂದು ಚೀಟಿ ಬರೆದು ಅವನ ಜೇಬಿನಲ್ಲಿ ಇಡಿ: ಡುಶೆನ್ ಇದೆ, ಸ್ಟೀರಾಯ್ಡ್ ನಡೆಯುತ್ತಿದೆ, ಅರಿವಳಿಕೆಯ ಜೊತೆ ಸಕ್ಸಿನೈಲ್‌ಕೋಲಿನ್ ಕೊಡಕೂಡದು. ಅದನ್ನು ಅವನು ಬಾಯಿಪಾಠವಾಗಿ ಹೇಳುವಂತಿರಬೇಕು. ಅಪಘಾತವಾದ ದಿನ ನೀನು ಪಕ್ಕದಲ್ಲಿರುತ್ತೀಯ ಅಂತ ಏನು ಖಾತ್ರಿ?

ಮುಂದೇನಾಗುತ್ತದೆ ಅನ್ನುವುದನ್ನು ಅವನಿಂದ ಮುಚ್ಚಿಡಬೇಡ. ಅವನ ಕೈಯಲ್ಲಿ ಫೋನಿದೆ, ಓದಿಯೇ ಇರುತ್ತಾನೆ. ನೀನು ಅಳುತ್ತೀಯ ಅಂತ, ಏನೂ ಗೊತ್ತಿಲ್ಲದವನ ಹಾಗೆ ಇದ್ದಾನೆ, ಅಷ್ಟೆ. "ನಿನಗೆ ಏನು ಗೊತ್ತು, ಏನು ಕೇಳಬೇಕು" ಅಂತ ನೀನೇ ಮಾತು ತೆಗೆ. ಜೀನ್ ಥೆರಪಿಯ ಸುದ್ದಿಯನ್ನೂ ಮೂವರೂ ಕೂತೇ ಓದಿ. 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಎಲೆವಿಡಿಸ್ ಔಷಧದ ಬೆಲೆ ಸುಮಾರು 32 ಲಕ್ಷ ಡಾಲರ್. 2025ರಲ್ಲಿ ಅದನ್ನು ಪಡೆದ, ಆಗಲೇ ನಡಿಗೆ ನಿಂತಿದ್ದ ಇಬ್ಬರು ಹುಡುಗರು ಲಿವರ್ ಸೋತು ತೀರಿಕೊಂಡರು. ಸೈಟು ಮಾರಿ ಏನೋ ಮಾಡುತ್ತೇವೆ ಅಂತ ನೀವಿಬ್ಬರೇ ರಾತ್ರಿ ಅಡುಗೆಮನೆಯಲ್ಲಿ ಪಿಸುಗುಟ್ಟುವುದು ಅವನಿಗೆ ಕೇಳಿಸುತ್ತದೆ. ಪ್ರಯೋಗಕ್ಕೆ ಒಡ್ಡಬೇಕಾದ ಮೈ ಅವನದು, ಆ ಮಾತಿನಲ್ಲಿ ಅವನೂ ಇರಬೇಕು.

ಓದಿನ ವಿಷಯದಲ್ಲಿ ಸಂಕೋಚ ಬೇಡ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಡುಶೆನ್ ಸೇರುವ ಮಸ್ಕ್ಯುಲರ್ ಡಿಸ್ಟ್ರೋಫಿಯ ಹೆಸರೇ ಇದೆ. ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡ್ ಮಾಡಿಸಿಡಿ. ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಶೇ. 5ರ ಮೀಸಲಾತಿಯಿದೆ. ಪರೀಕ್ಷೆಯಲ್ಲಿ ಬರೆಯುವವರನ್ನು ಕೇಳಬಹುದು, ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ ಕೇಳಬಹುದು. ಇದು ಯಾರ ಕೃಪೆಯೂ ಅಲ್ಲ. ಕ್ಲಾಸಿನಲ್ಲಿ ದಿನವಿಡೀ ಕೂರುವ ಗಾಲಿಕುರ್ಚಿ ಮೈಗೆ ಸರಿಯಾಗಿ ಹೊಂದದಿದ್ದರೆ ಬೆನ್ನು ವಾಲುತ್ತದೆ. ಅದಕ್ಕೆ ಲಿಂಗರಾಜಪುರದ ಎಪಿಡಿ ಸಂಸ್ಥೆಯಲ್ಲಿ ಒಮ್ಮೆ ವಿಚಾರಿಸು. ಸ್ವತಃ ಪೋಲಿಯೋ ಆಗಿದ್ದ ಎನ್.ಎಸ್. ಹೇಮಾ ಅವರು 1959ರಲ್ಲಿ ಕಟ್ಟಿದ ಸಂಸ್ಥೆ ಅದು.

ಇನ್ನು ಹೊರಗೆ ಹೋಗುವ ಮಾತು. 2023ರ ಮಾರ್ಚಿನಲ್ಲಿ ಬೆಂಗಳೂರು ಮೆಟ್ರೋದ ನೇರಳೆ ಮಾರ್ಗ ನಮ್ಮ ಹೂಡಿಯ ಮೇಲೆ ಹಾದ ಮೇಲೆ ನಮ್ಮಂಥವರ ಮಕ್ಕಳಿಗೆ ಊರು ಸ್ವಲ್ಪ ತೆರೆದುಕೊಂಡಿತು. ಸ್ಟೇಷನ್ನಿನಲ್ಲಿ ಲಿಫ್ಟ್ ಇದೆ. ಮನೆಯಿಂದ ಅಲ್ಲಿಯವರೆಗಿನ ದಾರಿಯೇ ಕಷ್ಟ: ಮುರಿದ ಫುಟ್‌ಪಾತು, ನೀರಿನ ಟ್ಯಾಂಕರು, ಐಟಿಪಿಎಲ್ ಕಡೆಯ ಗಾಡಿಗಳ ನುಗ್ಗಾಟ. ಅಲ್ಲಿಯವರೆಗೆ ಒಬ್ಬರು ಬಿಟ್ಟು ಬನ್ನಿ. ಆಮೇಲೆ ಗೆಳೆಯನ ಜೊತೆ ಸಿನಿಮಾಕ್ಕೋ ಕಬ್ಬನ್ ಪಾರ್ಕಿಗೋ ಅವನು ಹೋಗಲಿ. ನಿಲ್ದಾಣಕ್ಕೊಂದು ಸಲ ಫೋನ್ ಮಾಡಬೇಡ. ಅವನು ತಡವಾಗಿ ಬಂದು ನಿನ್ನ ಹತ್ತಿರ ಬೈಸಿಕೊಂಡರೆ ಅದೂ ಒಳ್ಳೆಯದೇ. ಎಲ್ಲ ಹುಡುಗರೂ ಬೈಸಿಕೊಳ್ಳುತ್ತಾರೆ.

ನಿನ್ನ ವಿಷಯ ಕೊನೆಗೆ ಇಟ್ಟಿದ್ದೇನೆ, ನೀನೂ ಯಾವಾಗಲೂ ಹಾಗೇ ಇಡುತ್ತೀಯ. ಈ ಕಾಯಿಲೆ ತಾಯಿಯ ಕಡೆಯಿಂದ ಬರುತ್ತದೆ ಅಂತ ಯಾರೋ ಆಡಿದ ಮಾತು ನಿನ್ನೊಳಗೆ ಕೂತಿದೆ. ಸುಮಾರು ಮೂರರಲ್ಲೊಂದು ಪಾಲು ಮಕ್ಕಳಲ್ಲಿ ಜೀನಿನ ದೋಷ ಹೊಸದಾಗಿಯೇ ಹುಟ್ಟುತ್ತದೆ. ನಿನ್ನಿಂದಲೇ ಬಂದಿದ್ದರೂ ಅದು ನೀನು ಮಾಡಿದ ತಪ್ಪಲ್ಲ. ಆದರೆ ನಿನ್ನ ಜೀನ್ ಪರೀಕ್ಷೆ ಮಾಡಿಸಿಕೋ, ಯಾಕಂದರೆ ಆ ಜೀನ್ ಹೊತ್ತ ತಾಯಂದಿರ ಹೃದಯವೂ ಕೆಲವೊಮ್ಮೆ ಸೋಲುತ್ತದೆ. ನಿನ್ನ ಮಗಳಿಗೆ ಆ ಪರೀಕ್ಷೆ ಈಗಲೇ ಬೇಡ. ದೊಡ್ಡವಳಾದ ಮೇಲೆ ಅವಳೇ ಯೋಚಿಸಿ ಮಾಡಿಸಿಕೊಳ್ಳಲಿ. ಮುಂದಿನ ಸಲ ಮಗನ ಹೃದಯದ ಎಕೋ ಪರೀಕ್ಷೆಗೆ ಹೋದಾಗ ನಿನ್ನದಕ್ಕೂ ಒಂದು ಚೀಟಿ ಬರೆಸಿಕೋ. ನೀನು ಒಳಗಿರುವ ಹೊತ್ತು ಹೊರಗೆ ಇಬ್ಬರ ಫೈಲನ್ನೂ ಅವನೇ ಹಿಡಿದು ಕಾಯಲಿ.